ಅಡಾಪಿಫಾರ್ಮ್: ಕಾಡುಪಾಪದ ಕಡೆಯ ಹಳೆಯ ಬಳಗ

ಅಡಾಪಿಫಾರ್ಮ್ ಎಂಬುದು ಪ್ರೈಮೇಟ್‌ಗಳಲ್ಲಿ, ಅಂದರೆ ಕೋತಿ, ಕಾಡುಪಾಪ, ಮನುಷ್ಯರು ಸೇರುವ ಸಸ್ತನಿಗಳ ವರ್ಗದಲ್ಲಿ, ಅಳಿದುಹೋದ ಒಂದು ದೊಡ್ಡ ಗುಂಪಿನ ಹೆಸರು. ಸುಮಾರು 5.5 ಕೋಟಿ ವರ್ಷಗಳ ಹಿಂದೆ, ಇಯೊಸೀನ್ ಯುಗದ ಆರಂಭದಲ್ಲಿ ಇವು ಕಾಣಿಸಿಕೊಂಡವು. ಯುರೋಪ್, ಉತ್ತರ ಅಮೆರಿಕ, ಏಷ್ಯಾ, ಆಫ್ರಿಕ ನಾಲ್ಕೂ ಕಡೆ ಇವುಗಳ ಪಳೆಯುಳಿಕೆ ಸಿಕ್ಕಿದೆ. ಕೆಲವು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟವು, ಕೆಲವು ಬೆಕ್ಕಿಗಿಂತ ದೊಡ್ಡವು. ಕೈಕಾಲಿನ ಬೆರಳುಗಳಲ್ಲಿ ಕೊಕ್ಕೆ ಉಗುರಿನ ಬದಲು ಚಪ್ಪಟೆ ಉಗುರು, ಕೊಂಬೆಯನ್ನು ಹಿಡಿಯಬಲ್ಲ ಕಾಲಿನ ಹೆಬ್ಬೆರಳು, ಕಣ್ಣುಗುಳಿಯ ಹಿಂಬದಿಗೆ ಮೂಳೆಯ ಪಟ್ಟಿ: ಇಷ್ಟಿರುವುದರಿಂದ ಇವು ಪ್ರೈಮೇಟ್‌ಗಳೇ ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಪ್ರೈಮೇಟ್‌ಗಳಲ್ಲಿ ಯಾರ ಕಡೆಯವು ಎಂಬುದರ ಬಗ್ಗೆ.

ಈ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಬೆಂಗಳೂರು ಒಳ್ಳೆಯ ಜಾಗ. ಇಲ್ಲಿ ಮೂರು ಬಗೆಯ ಪ್ರೈಮೇಟ್‌ಗಳು ಊರಿನೊಳಗೇ ಬದುಕುತ್ತವೆ. ಒಂದು ನಾವು, ಇನ್ನೊಂದು ಟ್ಯಾಂಕಿನ ಮುಚ್ಚಳ ಎತ್ತಿಡುವ ಕೋತಿ. ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳದ ಕಾಡುಪಾಪ. ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆಯಂಥ ಹಳೆಯ ಮರಗಳಿರುವ ಆವರಣಗಳಲ್ಲಿ ರಾತ್ರಿ ಓಡಾಡುವ, ಕಾಲು ಕಿಲೋ ತೂಗುವ, ಬಾಲವಿಲ್ಲದ ಜೀವಿ. ನೋಡಲು ಕೋತಿಗೂ ಕಾಡುಪಾಪಕ್ಕೂ ಹೆಚ್ಚು ನಂಟು ಇದ್ದಂತೆ ತೋರುತ್ತದೆ. ವಂಶದ ಲೆಕ್ಕದಲ್ಲಿ ಕೋತಿ ಮತ್ತು ನಾವು ಒಂದು ಕಡೆ, ಕಾಡುಪಾಪ ಇನ್ನೊಂದು ಕಡೆ. ಕಾಡುಪಾಪ, ಮಡಗಾಸ್ಕರ್‌ನ ಲೀಮರ್, ಆಫ್ರಿಕದ ಗಲಾಗೊ ಸೇರಿ ಒದ್ದೆಮೂಗಿನ ಶಾಖೆ, ಅಂದರೆ ಸ್ಟ್ರೆಪ್ಸಿರೈನ್. ಆಗ್ನೇಯ ಏಷ್ಯಾದ ಟಾರ್ಸಿಯರ್, ಕೋತಿ, ಚಿಂಪಾಂಜಿ-ಗೊರಿಲ್ಲಾದಂಥ ವಾನರ, ಮನುಷ್ಯ ಸೇರಿ ಒಣಮೂಗಿನ ಶಾಖೆ, ಹ್ಯಾಪ್ಲೊರೈನ್.

ಎರಡೂ ಶಾಖೆ ಕವಲೊಡೆದದ್ದು ಬಹಳ ಹಿಂದೆ. ಚೀನಾದ ಹುಬೇ ಪ್ರಾಂತ್ಯದಲ್ಲಿ ಸಿಕ್ಕಿ 2013ರಲ್ಲಿ ಪ್ರಕಟವಾದ ಆರ್ಕಿಸೀಬಸ್ ಎಂಬ ಪುಟ್ಟ ಅಸ್ಥಿಪಂಜರ 5.5 ಕೋಟಿ ವರ್ಷ ಹಳೆಯದು. ಬದುಕಿದ್ದಾಗ ಅದರ ತೂಕ 20ರಿಂದ 30 ಗ್ರಾಂ. ಅದು ಆಗಲೇ ಒಣಮೂಗಿನ ಕಡೆಗೆ, ಟಾರ್ಸಿಯರ್‌ಗಳ ದಿಕ್ಕಿಗೆ ವಾಲಿದ ಪ್ರಾಣಿ. ಎಂದಮೇಲೆ ಕವಲು ಒಡೆದದ್ದು ಅದಕ್ಕೂ ಮೊದಲು.

ಅಡಾಪಿಫಾರ್ಮ್‌ಗಳನ್ನು ಇವತ್ತು ಹೆಚ್ಚಿನ ತಜ್ಞರು ಇಡುವುದು ಒದ್ದೆಮೂಗಿನ ಕಡೆಗೆ, ಅದೂ ಆ ಶಾಖೆಯ ಬುಡದ ಭಾಗದಲ್ಲಿ. ಕಾಡುಪಾಪಕ್ಕೆ ಅವು ಅಜ್ಜನಾಗಬೇಕಿಲ್ಲ, ಅಜ್ಜನ ಅಣ್ಣತಮ್ಮಂದಿರಾಗಿದ್ದರೆ ಸಾಕು. ನಮಗಂತೂ ನೇರ ಪೂರ್ವಜರಲ್ಲ.

ಆದರೆ ಮೂಗು ಒದ್ದೆಯೋ ಒಣವೋ ಎಂದು ಕಲ್ಲಿನಲ್ಲಿ ಬರೆದಿರುವುದಿಲ್ಲ. ಕಾಡುಪಾಪದ ಎಣಿಕೆಗೆ ಹೋಗುವವರು ಟಾರ್ಚಿಗೆ ಕೆಂಪು ಫಿಲ್ಟರ್ ಹಾಕಿ ಮರದ ಕೊಂಬೆಗಳ ಮೇಲೆ ಬೆಳಕು ಆಡಿಸುತ್ತಾರೆ. ಕಣ್ಣಿನ ಹಿಂಪದರ ಬೆಳಕನ್ನು ತಿರುಗಿಸಿ ಕಳಿಸುವುದರಿಂದ ಎರಡು ಕೆಂಡದ ಚುಕ್ಕಿ ಹೊಳೆಯುತ್ತವೆ. ಆ ಪದರ ಕೋತಿಗೂ ಇಲ್ಲ, ನಮಗೂ ಇಲ್ಲ. ಬದುಕಿರುವ ಪ್ರಾಣಿಯಲ್ಲಿ ಇಷ್ಟು ಸುಲಭವಾಗಿ ಕಾಣುವ ಗುರುತು ಪಳೆಯುಳಿಕೆಯಲ್ಲಿ ಉಳಿಯುವುದೇ ಇಲ್ಲ. ಉಳಿಯುವುದು ಹಲ್ಲು, ಒಂದಿಷ್ಟು ದವಡೆ, ಅದೃಷ್ಟವಿದ್ದರೆ ಪಾದದ ಮೂಳೆ. ಹೀಗಾಗಿ ವಾದವೆಲ್ಲ ಇವುಗಳ ಮೇಲೇ ನಡೆಯುತ್ತದೆ.

ಹಲ್ಲಿನ ಲೆಕ್ಕ ನೋಡೋಣ. ದವಡೆಯ ಒಂದು ಬದಿಯಲ್ಲಿ, ಮುಂದಿನಿಂದ ಹಿಂದಕ್ಕೆ, ಬಾಚಿಹಲ್ಲು, ಕೋರೆಹಲ್ಲು, ಮುಂದವಡೆ ಹಲ್ಲು, ಹಿಂದವಡೆ ಹಲ್ಲು ಎಷ್ಟಿವೆ ಎಂದು ಬರೆಯುವುದು ರೂಢಿ. ನಮ್ಮದು 2.1.2.3, ಒಂದು ಕಾಲುಭಾಗಕ್ಕೆ 8, ಒಟ್ಟು 32. ಕೋತಿಯದೂ ಇದೇ. ಕಾಡುಪಾಪದ್ದು 2.1.3.3, ಒಟ್ಟು 36. ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕಿದ ನೊಥಾರ್ಕ್ಟಸ್ ಎಂಬ ಅಡಾಪಿಫಾರ್ಮ್‌ನದು 2.1.4.3, ಒಟ್ಟು 40. ಹೊಸಬರು ಎಡವುವುದು ಇಲ್ಲೇ: ನಾಲ್ಕು ಮುಂದವಡೆ ಹಲ್ಲಿರುವ ಎರಡು ಪ್ರಾಣಿಗಳು ಸಿಕ್ಕರೆ ಅವೆರಡೂ ಹತ್ತಿರದ ಸಂಬಂಧಿಗಳು ಎಂದುಕೊಳ್ಳುತ್ತಾರೆ. ನಾಲ್ಕಿರುವುದು ಮೂಲ ಸ್ಥಿತಿ. ಅದನ್ನು ಯಾರು ಬೇಕಾದರೂ ಉಳಿಸಿಕೊಂಡಿರಬಹುದು. ನಮ್ಮ ಕೈಯಲ್ಲೂ ಓತಿಕ್ಯಾತದ ಕೈಯಲ್ಲೂ ಐದು ಬೆರಳಿದ್ದಾಕ್ಷಣ ನಂಟಸ್ತಿಕೆ ಹತ್ತಿರವಾಗುವುದಿಲ್ಲ. ಹಲ್ಲು ಕಳೆದುಕೊಳ್ಳುವುದೂ ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಆಗಿದೆ. ಸಾಕ್ಷಿಯಾಗಿ ನಿಲ್ಲುವುದು ಹೊಸದಾಗಿ ಬಂದು, ಒಂದೇ ಗುಂಪಿನಲ್ಲಿ ಹಂಚಿಕೊಂಡಿರುವ ಗುಣ ಮಾತ್ರ.

ಅಂಥ ಗುಣ ಒದ್ದೆಮೂಗಿನವರಲ್ಲಿ ಒಂದಿದೆ, ಬಾಚಣಿಗೆ ಹಲ್ಲು. ಕಾಡುಪಾಪದ ಕೆಳದವಡೆಯಲ್ಲಿ ನಾಲ್ಕು ಬಾಚಿಹಲ್ಲು, ಎರಡು ಕೋರೆಹಲ್ಲು, ಒಟ್ಟು ಆರು ಹಲ್ಲುಗಳು ತೆಳ್ಳಗೆ, ಒತ್ತೊತ್ತಾಗಿ, ಬಹುತೇಕ ಅಡ್ಡಡ್ಡ ಮುಂದಕ್ಕೆ ಚಾಚಿಕೊಂಡಿರುತ್ತವೆ. ತುಪ್ಪಳ ಬಾಚುವುದು ಇದರಿಂದಲೇ. ಜೊತೆಗೆ ಕಾಲಿನ ಎರಡನೆಯ ಬೆರಳಲ್ಲಿ ಮಾತ್ರ ಚಪ್ಪಟೆ ಉಗುರಿನ ಬದಲು ನೆಟ್ಟಗೆ ನಿಂತ ಕೆರೆಯುವ ಉಗುರು. ಈಜಿಪ್ಟಿನ ಫಯೂಮ್‌ನಲ್ಲಿ ಸಿಕ್ಕಿದ ಕರಾನಿಸಿಯಾ ಎಂಬ ಸುಮಾರು 3.7 ಕೋಟಿ ವರ್ಷ ಹಿಂದಿನ ಪ್ರಾಣಿಯಲ್ಲಿ ಬಾಚಣಿಗೆ ಹಲ್ಲಿನ ಗುರುತು ಸಿಗುತ್ತದೆ. ಅಡಾಪಿಫಾರ್ಮ್‌ಗಳಲ್ಲಿ ಬಾಚಣಿಗೆ ಹಲ್ಲು ಇಲ್ಲ. ಹಾಗಾದರೆ ಅವನ್ನು ಆ ಕಡೆಗೆ ಸೇರಿಸುವುದು ಹೇಗೆ?

ಉತ್ತರದ ಒಂದು ಭಾಗ ಹರಡಿನ ಮೂಳೆಯಲ್ಲಿದೆ. ಕಣಕಾಲಿನ ಕೆಳಗೆ ಕೂರುವ ಟೇಲಸ್ ಎಂಬ ಆ ಮೂಳೆಯ ಹೊರಬದಿ, ಒಣಮೂಗಿನವರಲ್ಲಿ ಗೋಡೆಯಂತೆ ಕಡಿದಾಗಿರುತ್ತದೆ. ಒದ್ದೆಮೂಗಿನವರಲ್ಲಿ ಅದು ಇಳಿಜಾರಾಗಿ ಹೊರಕ್ಕೆ ಹರಡಿಕೊಳ್ಳುತ್ತದೆ. ಹೆಬ್ಬೆರಳನ್ನು ಮಡಚುವ ಸ್ನಾಯುರಜ್ಜು ಹಾದುಹೋಗುವ ತೋಡು, ಮೂಳೆಯ ಹಿಂಬದಿಯಲ್ಲಿ, ಒಣಮೂಗಿನವರಲ್ಲಿ ನಟ್ಟನಡುವೆ. ಒದ್ದೆಮೂಗಿನವರಲ್ಲಿ ಹೊರಪಕ್ಕಕ್ಕೆ ಸರಿದಿರುತ್ತದೆ. ಅಡಾಪಿಫಾರ್ಮ್‌ಗಳ ಟೇಲಸ್ ಇಳಿಜಾರಿನ ಬಗೆಯದು. ಬೆರಳ ತುದಿಯಷ್ಟಿರುವ ಮೂಳೆ ನಾಲ್ಕೈದು ಹಲ್ಲುಗಳಿಗಿಂತ ಹೆಚ್ಚು ಹೇಳುತ್ತದೆ ಎಂದು ನನ್ನ ಲೆಕ್ಕ. ಹಲ್ಲು ತಿನ್ನುವ ಆಹಾರಕ್ಕೆ ತಕ್ಕಂತೆ ಬೇಗ ಬದಲಾಗುತ್ತದೆ, ಹಾಗಾಗಿ ಹೆಚ್ಚು ಮೋಸ ಮಾಡುತ್ತದೆ.

ಹಲ್ಲು ಮಾಡಿದ ಮೋಸಕ್ಕೆ ಈ ಗುಂಪಿನ ಇತಿಹಾಸವೇ ಸಾಕ್ಷಿ. ಗುಂಪಿಗೆ ಹೆಸರು ಕೊಟ್ಟ ಅಡಾಪಿಸ್ ಸಿಕ್ಕಿದ್ದು ಪ್ಯಾರಿಸ್‌ನ ಜಿಪ್ಸಂ ಗಣಿಯಲ್ಲಿ. 1821ರಲ್ಲಿ ಅದಕ್ಕೆ ಹೆಸರಿಟ್ಟ ಜಾರ್ಜ್ ಕುವಿಯೆ ಅದನ್ನು ಗೊರಸಿನ ಪ್ರಾಣಿಗಳ ಬಳಿ ಇಟ್ಟರು. 1870ರಲ್ಲಿ ನೊಥಾರ್ಕ್ಟಸ್ ದವಡೆಯನ್ನು ವಿವರಿಸಿದ ಜೋಸೆಫ್ ಲೈಡಿಗೂ ಅದು ಪ್ರೈಮೇಟ್ ಎಂದು ಹೊಳೆಯಲಿಲ್ಲ. ಎಲೆ ತಿನ್ನುವ ಹಲ್ಲುಗಳು ಯಾವ ವಂಶದಲ್ಲಿ ಬಂದರೂ ಒಂದಕ್ಕೊಂದು ಹೋಲುತ್ತವೆ. ಹಿಮಾಲಯದ ತಪ್ಪಲಿನ ಶಿವಾಲಿಕ್‌ನ ಇಂದ್ರಲೋರಿಸ್ ಕತೆ ಇನ್ನೊಂದು ಬಗೆ: 1933ರಲ್ಲಿ ಎಡ್ವರ್ಡ್ ಲೂಯಿಸ್ ಅದನ್ನು ಲೋರಿಸ್, ಅಂದರೆ ಕಾಡುಪಾಪದ ಬಳಗದ್ದು, ಎಂದೇ ತಿಳಿದು ಹೆಸರಿಟ್ಟರು. 1979ರಲ್ಲಿ ಫಿಲಿಪ್ ಗಿಂಗರಿಚ್ ಮತ್ತು ಅಶೋಕ್ ಸಾಹ್ನಿ ಅದು ಅಡಾಪಿಸ್ ಬಳಗದ್ದು ಎಂದು ತೋರಿಸಿ, ಅದರ ಜೊತೆಯ ಇನ್ನೊಂದು ಕುಲಕ್ಕೆ ಶಿವಲಾಡಾಪಿಸ್ ಎಂದು ಹೆಸರು ಕೊಟ್ಟರು. ಹೆಸರಿನ ನಿಯಮದಂತೆ ಮೊದಲಿಟ್ಟದ್ದೇ ನಿಲ್ಲುವುದರಿಂದ, ಲೋರಿಸ್ ಅಲ್ಲದ ಪ್ರಾಣಿ ಇಂದಿಗೂ ಇಂದ್ರಲೋರಿಸ್.

ದೊಡ್ಡ ಗದ್ದಲವಾದದ್ದು 2009ರಲ್ಲಿ. ಜರ್ಮನಿಯ ಮೆಸ್ಸೆಲ್ ಗುಂಡಿಯಲ್ಲಿ 1983ರಲ್ಲೇ ಅಗೆದು ತೆಗೆದ ಒಂದು ಅಸ್ಥಿಪಂಜರ ಎರಡು ಹೋಳಾಗಿ ಬೇರೆ ಬೇರೆ ಕೈ ಸೇರಿತ್ತು. ಒಂದು ಹೋಳಿಗೆ ಇಲ್ಲದ ಭಾಗಗಳನ್ನು ಯಾರೋ ಕೃತಕವಾಗಿ ಸೇರಿಸಿದ್ದರು. ಮುಖ್ಯ ಹೋಳನ್ನು ಓಸ್ಲೋದ ವಸ್ತುಸಂಗ್ರಹಾಲಯ ಕೊಂಡ ಮೇಲೆ ಅಧ್ಯಯನ ನಡೆದು, ಡಾರ್ವಿನಿಯಸ್ ಎಂಬ ಹೆಸರು ಬಂತು. 4.7 ಕೋಟಿ ವರ್ಷ ಹಳೆಯದು, ಬಾಲ ಸೇರಿ 58 ಸೆಂಟಿಮೀಟರ್ ಉದ್ದ, ಶೇಕಡ 95ರಷ್ಟು ಪೂರ್ಣ, ಹೊಟ್ಟೆಯೊಳಗೆ ಕೊನೆಯ ಊಟದ ಎಲೆ ಮತ್ತು ಹಣ್ಣಿನ ಚೂರು ಕೂಡ ಉಳಿದಿದ್ದ ಮರಿ ಹೆಣ್ಣು. ಪಳೆಯುಳಿಕೆಯಾಗಿ ಅದ್ಭುತ, ಇದರಲ್ಲಿ ಎರಡು ಮಾತಿಲ್ಲ. ಆದರೆ ಬಾಚಣಿಗೆ ಹಲ್ಲಿಲ್ಲ, ಕೆರೆಯುವ ಉಗುರಿಲ್ಲ, ಆದ್ದರಿಂದ ಇದು ಒಣಮೂಗಿನ ಕಡೆಯದು, ನಮ್ಮ ಪೂರ್ವಜರ ಬಳಗ ಎಂದು ಅದನ್ನು ವಿವರಿಸಿದವರು ವಾದಿಸಿದರು. ಪತ್ರಿಕೆಗಳು 'ಕಳೆದುಹೋದ ಕೊಂಡಿ' ಎಂದು ಮುಖಪುಟಕ್ಕೆ ಏರಿಸಿದವು.

ವಾದದ ದೋಷ ಸರಳ. ಒಂದು ಗುಣ ಶಾಖೆಯ ನಡುವಿನಲ್ಲೆಲ್ಲೋ ಹುಟ್ಟಿದ್ದರೆ, ಅದಕ್ಕೆ ಮೊದಲೇ ಆ ಶಾಖೆಯ ಬುಡದಿಂದ ಒಡೆದವರಲ್ಲಿ ಆ ಗುಣ ಇರುವುದಿಲ್ಲ. ಇಲ್ಲ ಎಂಬ ಕಾರಣಕ್ಕೆ ಅವರನ್ನು ಎದುರು ಮನೆಗೆ ಸೇರಿಸಲಾಗದು. ಅದೇ ವರ್ಷ ಎರಿಕ್ ಸೈಫರ್ಟ್ ಮತ್ತು ಜೊತೆಗಾರರು ಫಯೂಮ್‌ನ ಆಫ್ರಡಾಪಿಸ್ ಎಂಬ ಇನ್ನೊಂದು ಅಡಾಪಿಫಾರ್ಮ್ ವಿವರಿಸಿ, 117 ಪ್ರೈಮೇಟ್‌ಗಳ 360 ಗುಣಗಳನ್ನು ಒಟ್ಟಿಗೆ ಹೋಲಿಸಿದರು. ಡಾರ್ವಿನಿಯಸ್ ಮತ್ತೆ ಒದ್ದೆಮೂಗಿನ ಕಡೆಗೇ ಬಂತು. ಆಫ್ರಡಾಪಿಸ್‌ನ ಕೆಳದವಡೆಯ ಎರಡು ಭಾಗ ಕೋತಿಗಳಲ್ಲಿರುವಂತೆ ಗಲ್ಲದ ಬಳಿ ಬೆಸೆದುಕೊಂಡಿತ್ತು. ಅದು ಗಟ್ಟಿ ಎಲೆ ಅಗಿಯುವ ಬದುಕಿಗೆ ಸ್ವತಂತ್ರವಾಗಿ ಬಂದ ಹೋಲಿಕೆ.

ಇನ್ನು ನಮ್ಮ ದೇಶದ ಮಾತು. ಬೆಂಗಳೂರಿನಲ್ಲಿ ಮೆಟ್ರೊ ಸುರಂಗಕ್ಕೆ ಎಷ್ಟು ಕೊರೆದರೂ ಇಂಥ ಹಲ್ಲು ಸಿಗುವುದಿಲ್ಲ. ಲಾಲ್‌ಬಾಗ್ ಬಂಡೆಯಂಥ ನೈಸ್ ಶಿಲೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಆಗ ಮೂಳೆಯಿರುವ ಪ್ರಾಣಿಯೇ ಇರಲಿಲ್ಲ. ಬೇಕಾಗಿರುವುದು ಸರಿಯಾದ ವಯಸ್ಸಿನ ಕೆಸರುಕಲ್ಲು. ಅದು ಸಿಕ್ಕಿದ್ದು ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಸುಮಾರು 5.45 ಕೋಟಿ ವರ್ಷ ಹಿಂದಿನ ಪದರದಲ್ಲಿ. ಅಲ್ಲಿನ ಮಾರ್ಕ್‌ಗೊಡಿನೋಷಿಯಸ್ ಮತ್ತು ಏಷ್ಯಾಡಾಪಿಸ್ ಅಡಾಪಿಫಾರ್ಮ್‌ಗಳು. ಅದೇ ಪದರದ ವಸ್ತಾನೊಮಿಸ್ ಒಣಮೂಗಿನ ಕಡೆಯ ಓಮೊಮಿಡ್ ಬಳಗದ್ದು.

ಇಂಥ ಕಡೆ ಕೆಲಸ ಹೀಗೆ ನಡೆಯುತ್ತದೆ. ಮೂಳೆ ಕಂಡ ಪದರದ ಜೇಡಿಯನ್ನು ಚೀಲಗಟ್ಟಲೆ ತುಂಬಿ ಮೊದಲು ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಹಸಿ ಜೇಡಿ ನೀರಿಗೆ ಹಾಕಿದರೂ ಮುದ್ದೆಯಾಗಿಯೇ ಇರುತ್ತದೆ. ಒಣಗಿದ್ದು ನೀರು ಸೋಕಿದೊಡನೆ ತಾನಾಗಿ ಬಿರಿದು ಕರಗುತ್ತದೆ. ಆಮೇಲೆ ಜರಡಿ. ಹಿಂದವಡೆ ಹಲ್ಲೇ ಎರಡು ಮಿಲಿಮೀಟರ್ ಆಸುಪಾಸು ಇರುವಾಗ ಕೆಳಗಿನ ಜರಡಿಯ ಕಣ್ಣು ಅರ್ಧ ಮಿಲಿಮೀಟರ್‌ನಷ್ಟು ಸಣ್ಣದಾಗಿರಬೇಕು. ಕಣ್ಣು ದೊಡ್ಡದಾದರೆ ಸಣ್ಣ ಜಾತಿಗಳೆಲ್ಲ ನೀರಿನೊಂದಿಗೆ ಹೋಗಿಬಿಡುತ್ತವೆ, ಆ ಕಾಲದಲ್ಲಿ ದೊಡ್ಡವೇ ಇದ್ದವು ಎಂಬ ತಪ್ಪು ಚಿತ್ರ ಉಳಿಯುತ್ತದೆ. ಜರಡಿಯನ್ನು ಜೋರಾಗಿ ಅಲ್ಲಾಡಿಸಿದರೆ ಹಲ್ಲಿನ ಬೇರು ಮುರಿಯುತ್ತದೆ. ಉಳಿದ ಗಸಿಯನ್ನು ಮತ್ತೆ ಒಣಗಿಸಿ, ಸೂಕ್ಷ್ಮದರ್ಶಕದಡಿ ತೇವದ ಕುಂಚದ ತುದಿಯಿಂದ ಒಂದೊಂದೇ ಆರಿಸುವುದು. ಬಿಡಿ ಹಲ್ಲು ಸಿಕ್ಕಾಗ ಅದು ಮೇಲಿನದೋ ಕೆಳಗಿನದೋ, ಎಷ್ಟನೆಯದು, ಹಾಲುಹಲ್ಲೋ ಎಂದು ಮೊದಲು ತೀರ್ಮಾನವಾಗಬೇಕು. ಇಲ್ಲದಿದ್ದರೆ ಒಂದೇ ಜಾತಿಗೆ ಎರಡು ಹೆಸರು ಬೀಳುತ್ತದೆ. ವಸ್ತಾನ್‌ನ ಬಿಡಿ ಹಲ್ಲುಗಳ ಮೇಲೆ 2008ರಲ್ಲಿ ಆಂಥ್ರಸಿಮಿಯಾಸ್ ಎಂಬ ಹೆಸರು ಬಂತು, ಏಷ್ಯಾದ ಅತಿ ಹಳೆಯ ಕೋತಿವರ್ಗದ ಪ್ರಾಣಿ ಎಂಬ ಹಕ್ಕಿನೊಂದಿಗೆ. ದವಡೆಗಳನ್ನು ಹೋಲಿಸಿದ ಬೇರೆಯವರಿಗೆ ಅದು ಮಾರ್ಕ್‌ಗೊಡಿನೋಷಿಯಸ್ಸೇ ಎನಿಸಿತು.

ಅಲ್ಲಿ ಸಿಕ್ಕ 25 ಕೈಕಾಲಿನ ಮೂಳೆಗಳ ವಿವರ 2016ರಲ್ಲಿ ಬಂತು. ಗಮನಿಸಬೇಕಾದ ಸಂಗತಿ: ಅಡಾಪಿಫಾರ್ಮ್ ಮತ್ತು ಓಮೊಮಿಡ್‌ಗಳ ಮೂಳೆಗಳ ನಡುವೆ ಅಲ್ಲಿ ವ್ಯತ್ಯಾಸ ಬಹಳ ಕಡಿಮೆ. ಕವಲು ಒಡೆದು ಹೆಚ್ಚು ದೂರ ಸಾಗಿರದ ಕಾಲದ ನೋಟ ಅದು.

ಜೊತೆಯಲ್ಲಿ ಕೇಳಿಬರುವ ಇನ್ನೊಂದು ಪದ ಪ್ಲೆಸಿಅಡಾಪಿಫಾರ್ಮ್. ಉಚ್ಚಾರ ಹತ್ತಿರವಿದ್ದರೂ ಗುಂಪು ಬೇರೆ. ಡೈನೋಸಾರ್‌ಗಳು ಅಳಿದ ಬೆನ್ನಿಗೇ ಅಮೆರಿಕದ ಮೊಂಟಾನಾದಲ್ಲಿ ಕಾಣುವ ಪರ್ಗಟೋರಿಯಸ್ ಇದರಲ್ಲಿ ಸೇರುತ್ತದೆ. ಕಣ್ಣಿನ ಹಿಂದೆ ಮೂಳೆಪಟ್ಟಿ ಇಲ್ಲ, ಹೆಚ್ಚಿನವಕ್ಕೆ ಕೊಕ್ಕೆ ಉಗುರೇ. ಇವನ್ನು ಪ್ರೈಮೇಟ್ ಎನ್ನಬೇಕೋ, ಪ್ರೈಮೇಟ್‌ಗಳ ನೆರೆಯವರು ಎನ್ನಬೇಕೋ ಎಂಬ ಚರ್ಚೆ ನಡೆದೇ ಇದೆ. ಅಡಾಪಿಫಾರ್ಮ್‌ಗಳಿಗೆ ಆ ಗೊಂದಲವಿಲ್ಲ.

ಸುಮಾರು 3.39 ಕೋಟಿ ವರ್ಷಗಳ ಹಿಂದೆ ಭೂಮಿ ತಣ್ಣಗಾಗಿ, ಉತ್ತರದ ದಟ್ಟ ಬೆಚ್ಚನೆಯ ಕಾಡುಗಳು ಕುಗ್ಗಿದಾಗ ಯುರೋಪಿನ ಅಡಾಪಿಫಾರ್ಮ್‌ಗಳು ಹೋದವು. ಉತ್ತರ ಅಮೆರಿಕದ ನೊಥಾರ್ಕ್ಟಸ್ ಬಳಗ ಅದಕ್ಕೂ ಮೊದಲೇ ಮುಗಿದಿತ್ತು. ಏಷ್ಯಾದಲ್ಲಿ ಮಾತ್ರ ಶಿವಲಾಡಾಪಿಡ್‌ಗಳು, ಅಂದರೆ ಶಿವಲಾಡಾಪಿಸ್ ಬಳಗದವು, ಉಳಿದವು. 2017ರಲ್ಲಿ ಹೆಸರಾದ ರಾಮಾಡಾಪಿಸ್ ಸಾಹ್ನಿ ಅವುಗಳಲ್ಲೊಂದು, 1.1ರಿಂದ 1.4 ಕೋಟಿ ವರ್ಷ ಹಳೆಯದು, ರಾಮನಗರದ್ದು. ಇದು ರೇಷ್ಮೆ ಮಾರುಕಟ್ಟೆಯ ನಮ್ಮ ರಾಮನಗರವಲ್ಲ, ಜಮ್ಮುವಿನ ಉಧಂಪುರ ಜಿಲ್ಲೆಯದು. ಕೊನೆಯ ಶಿವಲಾಡಾಪಿಸ್‌ಗಳು ಸುಮಾರು 80-90 ಲಕ್ಷ ವರ್ಷಗಳ ಹಿಂದೆ ಕಣ್ಮರೆಯಾದವು. ಶಿವಾಲಿಕ್‌ನ ಕಾಡು ಸರಿದು ಹುಲ್ಲುಗಾವಲು ಬರುತ್ತಿದ್ದ ಕಾಲ ಅದು. ಎಲೆ ತಿನ್ನುವ ಮುಸಿಯಗಳ ಬಳಗ ಅಲ್ಲಿಗೆ ಬಂದದ್ದೂ ಸರಿಸುಮಾರು ಆಗಲೇ. ಒಂದೇ ಎಲೆಗೆ ಎರಡು ಬಾಯಿ ಎಂಬ ಪೈಪೋಟಿಯಲ್ಲಿ ಶಿವಲಾಡಾಪಿಸ್ ಸೋತಿತು ಎಂಬ ಊಹೆ ಇದೆ. ಕಾಡು ಕುಗ್ಗಿದ್ದೇ ಸಾಕಾಗಿತ್ತು ಎನ್ನುವವರೂ ಇದ್ದಾರೆ.