ಗೇಟಿನಲ್ಲಿ ಮೂಗನ್ನು ನಂಬಬೇಡಿ

ನಮ್ಮ ಮಾವ ನಿವೃತ್ತ ಹವಾಲ್ದಾರ್. ಸಕ್ಕರೆ ಕಾಯಿಲೆ ಇದೆ. ಒಂದು ದಿನ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ತಿನ್ನದೆ, ಕ್ಯಾಂಟೀನ್ ಸಾಮಾನು ತರಲು ಸ್ಕೂಟರ್ ಹತ್ತಿದರು. ಮಿಲಿಟರಿ ಗೇಟು ಮುಟ್ಟುವಷ್ಟರಲ್ಲಿ ಗಾಡಿ ಆ ಕಡೆ ಈ ಕಡೆ ವಾಲಾಡುತ್ತಿತ್ತು. ಹೆಸರು ಕೇಳಿದರೆ ನಾಲಿಗೆ ತೊದಲಿತು. ಕಾರ್ಡ್ ಕೇಳಿದರೆ ಸುಮ್ನೆ ಮುಖ ನೋಡುತ್ತಾ ನಿಂತರಂತೆ. "ಮುಂಜಾನೆನ ಹಾಕ್ಕೊಂಡ್ ಬಂದೀರೇನ್ರಿ ಕಾಕಾ?" ಅಂತ ಕಾವಲಿನ ಹುಡುಗ ದನಿ ಏರಿಸಿದ. ಅಷ್ಟರಲ್ಲಿ ಒಳಗಿಂದ ಬಂದ ಹಿರಿಯ ಗಾರ್ಡ್ ಕಮಾಂಡರ್ ಮಾವನ ಹಣೆ ಮುಟ್ಟಿ ನೋಡಿದರು. ತಣ್ಣನೆಯ ಬೆವರು. ಕೂಡಲೇ ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಸಿ ಎಂ.ಐ. ರೂಮಿಗೆ, ಅಂದರೆ ಅಲ್ಲಿನ ಚಿಕಿತ್ಸಾ ಕೊಠಡಿಗೆ, ಕಳಿಸಿದರು. ಚಹಾ ಕುಡಿದ ಮೇಲೂ ರಕ್ತದಲ್ಲಿ ಸಕ್ಕರೆ ಬರೀ 58 ಇತ್ತು. ಮಾವ ಕುಡಿದಿರಲಿಲ್ಲ, ಸಕ್ಕರೆ ಇಳಿದಿತ್ತು.

ಬೆಳಗಾವಿಯವರಿಗೆ ಮಿಲಿಟರಿ ಗೇಟು ಹೊಸದೇನಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಕ್ಯಾಂಪ್ ರಸ್ತೆಗಳಲ್ಲಿ ಜವಾನರ ಲಾರಿ, ನಮ್ಮ ಸ್ಕೂಟರು, ಶಾಲೆ ಮಕ್ಕಳ ಆಟೋ ಎಲ್ಲ ಒಟ್ಟಿಗೆ ಓಡುತ್ತವೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿ ಎಣ್ಣೆ ಅಗ್ಗ. ಹಾಗಾಗಿ ಕಾವಲುಗಾರನಿಗೆ ಅನುಮಾನ ಬರುವುದು ತಪ್ಪಲ್ಲ, ಬರಲೇಬೇಕು. ಅನುಮಾನ ಬಂದ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿಸಿ ಕೀ ತೆಗೆಸಬೇಕು. ಯಾಕೆಂದರೆ ಕುಡಿದಿರಲಿ, ಸಕ್ಕರೆ ಇಳಿದಿರಲಿ, ತಲೆಗೆ ಪೆಟ್ಟು ಬಿದ್ದಿರಲಿ, ಆ ಮನುಷ್ಯ ಗಾಡಿ ಓಡಿಸುವ ಸ್ಥಿತಿಯಲ್ಲಿಲ್ಲ. ಆದರೆ "ಕುಡಿದಿದ್ದಾನೆ" ಅಂತ ತೀರ್ಪು ಕೊಡುವುದು ಮೂಗಿನ ಕೆಲಸ ಅಲ್ಲ.

ಶುದ್ಧ ಆಲ್ಕೋಹಾಲ್‌ಗೆ ಅಂಥ ಗಾಢ ವಾಸನೆ ಇಲ್ಲ. ನಮ್ಮ ಮೂಗಿಗೆ ಬಡಿಯುವುದು ಹೆಚ್ಚಾಗಿ ಪಾನೀಯದಲ್ಲಿರುವ ಬೇರೆ ಪದಾರ್ಥಗಳ ವಾಸನೆ. ಎಷ್ಟು ಕುಡಿದಿದ್ದಾನೆ ಅಂತ ಅದು ಹೇಳುವುದಿಲ್ಲ. ಬಾಯಿ ವಾಸನೆ, ತೂರಾಡುವ ನಡಿಗೆ, ಅಗಲವಾದ ಕಣ್ಣಿನ ಪಾಪೆ ಇಷ್ಟರಿಂದಲೇ ಕುಡಿದಿದ್ದ ಅಂತ ತೀರ್ಮಾನಿಸಲು ಆಗುವುದಿಲ್ಲ, ರಕ್ತ ಪರೀಕ್ಷೆ ಮಾಡಿಸಬೇಕಿತ್ತು ಅಂತ ಸುಪ್ರೀಂ ಕೋರ್ಟ್ 1971ರಲ್ಲೇ ಒಂದು ಅಪಘಾತದ ಕೇಸಿನಲ್ಲಿ ಹೇಳಿದೆ. ಇದಕ್ಕೆ ಉಲ್ಟಾನೂ ಇದೆ. ದಿನಾ ಕುಡಿಯುವವನು ನೆಟ್ಟಗೆ ನಡೆಯುತ್ತಾನೆ, ಸ್ಪಷ್ಟವಾಗಿ ಮಾತಾಡುತ್ತಾನೆ, ಆದರೆ ಎದುರಿಗೆ ಮಗು ಓಡಿ ಬಂದಾಗ ಬ್ರೇಕ್ ಒತ್ತಬೇಕಾದ ಕಾಲು ತಡಮಾಡುತ್ತದೆ.

ಅದಕ್ಕೇ ಊದಿಸುವ ಯಂತ್ರ ಬೇಕು. ರಕ್ತದಲ್ಲಿರುವ ಆಲ್ಕೋಹಾಲ್ ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ಉಸಿರಿಗೆ ದಾಟುತ್ತದೆ. ಸುಮಾರು 2100 ಮಿಲಿ ಉಸಿರಿನಲ್ಲಿ ಇರುವಷ್ಟು ಆಲ್ಕೋಹಾಲ್ 1 ಮಿಲಿ ರಕ್ತದಲ್ಲಿರುತ್ತದೆ ಅನ್ನುವುದು ಲೆಕ್ಕ. ಮನುಷ್ಯರಿಂದ ಮನುಷ್ಯರಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಒಳ್ಳೆಯ ಯಂತ್ರದೊಳಗೆ ಪ್ಲಾಟಿನಂ ಪದರ ಇರುತ್ತದೆ. ಅದರ ಮೇಲೆ ಆಲ್ಕೋಹಾಲ್ ಅಸಿಟಿಕ್ ಆಮ್ಲವಾಗಿ ಬದಲಾಗುವಾಗ ಸಣ್ಣ ಕರೆಂಟ್ ಹುಟ್ಟುತ್ತದೆ. ಕರೆಂಟ್ ಎಷ್ಟು ಅನ್ನುವುದರ ಮೇಲೆ ಪರದೆಯಲ್ಲಿ ಅಂಕಿ ಬರುತ್ತದೆ. ಈರುಳ್ಳಿ ಅಗಿದು ಬಂದರೂ ಗುಟ್ಕಾ ಹಾಕಿ ಬಂದರೂ ಅಂಕಿ ಇಳಿಯುವುದಿಲ್ಲ.

ಜೋರಾಗಿ, ಉದ್ದಕ್ಕೆ ಊದಿ ಅನ್ನುತ್ತಾರಲ್ವಾ, ಅದಕ್ಕೂ ಕಾರಣ ಇದೆ. ಮೊದಲು ಬರುವುದು ಬಾಯಿ, ಗಂಟಲಿನ ಗಾಳಿ. ಶ್ವಾಸಕೋಶದ ಆಳದ ಗಾಳಿ ಕೊನೆಗೆ ಬರುತ್ತದೆ. ಈಗಷ್ಟೇ ಗುಟುಕು ಹಾಕಿದ್ದರೆ, ಮೌತ್‌ವಾಶ್ ಮುಕ್ಕಳಿಸಿದ್ದರೆ, ಇಲ್ಲವೇ ತೇಗು ಬಂದಿದ್ದರೆ ಬಾಯಲ್ಲಿ ಉಳಿದ ಆಲ್ಕೋಹಾಲ್ ಅಂಕಿಯನ್ನು ಏರಿಸಿಬಿಡುತ್ತದೆ. ಹಾಗಾಗಿ 15 ನಿಮಿಷ ಏನೂ ತಿನ್ನದೆ ಕುಡಿಯದೆ ಕೂರಿಸಿ ಆಮೇಲೆ ಊದಿಸಬೇಕು. ಈ 15 ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು.

ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈನಿಕರಿಗೆ ಇದರ ಜೊತೆ 1950ರ ಸೇನಾ ಕಾಯ್ದೆಯೂ ಇದೆ. ಅದರ 48ನೇ ಕಲಮಿನ ಪ್ರಕಾರ ಡ್ಯೂಟಿಯಲ್ಲಿರಲಿ ಬಿಡಲಿ, ಅಮಲಿನಲ್ಲಿ ಸಿಕ್ಕರೆ ಅಪರಾಧ. ಅಧಿಕಾರಿಗೂ ಅದೇ. ಸಾಹೇಬರ ಕಾರು ಅಂತ ಗೇಟು ಎತ್ತಿಬಿಟ್ಟರೆ, ಮುಂದಿನ ತಿರುವಿನಲ್ಲಿ ನಡೆದು ಹೋಗುತ್ತಿರುವವರಿಗೆ ಯಾರ ಭುಜದ ಮೇಲೆ ಎಷ್ಟು ನಕ್ಷತ್ರ ಅಂತ ಗೊತ್ತಿರುವುದಿಲ್ಲ.

ರಕ್ತ ತೆಗೆಯುವಾಗಲೂ ಎಚ್ಚರ ಬೇಕು. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಅದರಲ್ಲೂ ಆಲ್ಕೋಹಾಲ್ ಇದೆ. ಬಾಟಲಿಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು, ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಲ್ಯಾಬ್ ತಲುಪುವಷ್ಟರಲ್ಲಿ ಅಂಕಿಯನ್ನೇ ಬದಲಿಸಬಹುದು. ತಡ ಮಾಡುವ ಹಾಗೂ ಇಲ್ಲ. ಲಿವರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, 100 ಮಿಲಿ ರಕ್ತದ ಲೆಕ್ಕದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ.

ಈ 15 ನನ್ನನ್ನು ಜಾಸ್ತಿ ಕಾಡುತ್ತದೆ. 70 ಕೆಜಿ ತೂಕದವನೊಬ್ಬ ರಾತ್ರಿ 11ಕ್ಕೆ ಒಂದು ಕ್ವಾರ್ಟರ್ ಮುಗಿಸಿದ ಅಂತಿಟ್ಟುಕೊಳ್ಳಿ. 180 ಮಿಲಿ ರಮ್, ಶೇಕಡ 42.8ರ ಲೆಕ್ಕಕ್ಕೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ರಕ್ತದಲ್ಲಿ ಹತ್ತಿರ ಹತ್ತಿರ 125 ಮಿಲಿಗ್ರಾಂಗೆ ಏರುತ್ತದೆ. ಬೆಳಿಗ್ಗೆ 5ಕ್ಕೆ, 6 ಗಂಟೆಯಲ್ಲಿ 90 ಇಳಿದರೂ ಇನ್ನೂ 35 ಉಳಿದಿರುತ್ತದೆ. ತಣ್ಣೀರು ಸ್ನಾನ, ಕಡಕ್ ಚಹಾ, ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ. ಅವನು ನಿದ್ದೆ ಮಾಡಿ ಎದ್ದಿದ್ದಾನೆ, ಗಡ್ಡ ಕೆರೆದಿದ್ದಾನೆ, ಯೂನಿಫಾರ್ಮ್ ಇಸ್ತ್ರಿಯಾಗಿದೆ, ವಾಸನೆ ಇಲ್ಲ. ಗೇಟಿನಲ್ಲಿ ಸೆಲ್ಯೂಟ್ ಹೊಡೆದು ಪಿ.ಟಿ. ಹುಡುಗರು ತುಂಬಿದ ಲಾರಿಯನ್ನು ರಸ್ತೆಗೆ ಇಳಿಸುತ್ತಾನೆ. ರಾತ್ರಿ ಪಾರ್ಟಿ ಮುಗಿಯುವ ಹೊತ್ತಿಗೆ ಯಂತ್ರ ಹಿಡಿದು ನಿಲ್ಲುವವರು ಬೆಳಿಗ್ಗೆ 5ಕ್ಕೂ ಅದನ್ನು ಹೊರಗೆ ತೆಗೆಯಲಿ.