ಹೆಟರೊಡಾಕ್ಸ್ ಎಂದಾಗ ಕೇಳಬೇಕಾದದ್ದು: ಯಾರ ಅಳತೆಗೆ, ಯಾವ ವರ್ಷ?

ಧರ್ಮಗಳ ತೌಲನಿಕ ಅಧ್ಯಯನದ ಪರೀಕ್ಷಾ ಪತ್ರಿಕೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ತ್ರಿತ್ವ (ಪಿತ, ಸುತನಾದ ಕ್ರಿಸ್ತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು), ಮನುಷ್ಯಾವತಾರ, ರಕ್ಷಣೆ ಇವೆಲ್ಲ ಗೊತ್ತಿವೆ ಎಂದುಕೊಂಡು ನೇರವಾಗಿ ತೊಡಕಿಗೆ ಬರುತ್ತೇನೆ.

ಒಂದು ಕ್ರೈಸ್ತ ಸಭೆಯ ಅಧಿಕೃತ ಬೋಧನೆಗೆ ಹೊಂದದ ನಂಬಿಕೆ ಹೆಟರೊಡಾಕ್ಸ್, ಅಂದರೆ ಭಿನ್ನ ನಂಬಿಕೆ. ಇಷ್ಟೇ ಆಗಿದ್ದರೆ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ನಮ್ಮ ದರ್ಶನಗಳನ್ನು ಓದಿ ಇತ್ತ ಬಂದವರಿಗೆ ಈ ‘ಅಧಿಕೃತ’ವೇ ತಲೆನೋವು. ಮಧ್ವರು ಶಂಕರರ ಮತವನ್ನು ಖಂಡಿಸಿದರು, ನಿಜ. ಆದರೆ ಎಲ್ಲ ಆಚಾರ್ಯರೂ ಒಂದೆಡೆ ಕೂಡಿ ತೀರ್ಮಾನ ಬರೆದು ಒಂದು ಪಕ್ಷವನ್ನು ಹೊರಗಟ್ಟಲಿಲ್ಲ. ಆಸ್ತಿಕ, ನಾಸ್ತಿಕ ಎಂಬ ವಿಂಗಡಣೆಗೂ ವೇದಪ್ರಾಮಾಣ್ಯವೊಂದೇ ಅಳತೆಗೋಲು. ಜಗತ್ಕರ್ತ ಈಶ್ವರನಿಲ್ಲದೆ ಸಾಗುವ ಸಾಂಖ್ಯವೂ ಆಸ್ತಿಕ ದರ್ಶನಗಳ ಸಾಲಿನಲ್ಲೇ ಕುಳಿತಿದೆ. ಕ್ರೈಸ್ತರಲ್ಲಿ ಗ್ರಂಥವನ್ನು ಒಪ್ಪಿದರೆ ಸಾಲದು. ಅಲೆಗ್ಸಾಂಡ್ರಿಯದ ಪಾದ್ರಿ ಆರಿಯಸ್ ಬೈಬಲನ್ನು ಒಪ್ಪುತ್ತಿದ್ದ, ಅದರ ವಾಕ್ಯಗಳನ್ನೇ ಎತ್ತಿ ವಾದಿಸುತ್ತಿದ್ದ. ಸುತನು ಪಿತನಿಂದ ಸೃಷ್ಟಿಯಾದವನು, ಅವನಿಗೊಂದು ಆದಿಯಿದೆ ಎಂಬುದು ಅವನ ವಾದ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳು ಪಿತ, ಸುತರದ್ದು ಒಂದೇ ಸತ್ತ್ವ ಎಂದು ಬರೆದು ಅವನನ್ನು ಹೊರಗಿಟ್ಟರು. ಅಲ್ಲಿಂದ ಮುಂದೆ ಗ್ರಂಥದ ಜೊತೆಗೆ ವಿಶ್ವಾಸ ಸಂಗ್ರಹವೂ (ನಂಬಿಕೆಯನ್ನು ಚುಟುಕಾಗಿ ಹೇಳುವ ಅಧಿಕೃತ ಪಾಠ, ಕ್ರೀಡ್) ಅಳತೆಗೋಲಾಯಿತು.

ಭಿನ್ನತೆ ಬೇರೆ, ಹೆರೆಸಿ ಬೇರೆ

ಹೆರೆಸಿ, ಅಂದರೆ ಪಾಷಂಡ ಮತ, ಎಂಬುದು ಭಿನ್ನತೆಯ ದೊಡ್ಡ ವೃತ್ತದೊಳಗಿನ ಚಿಕ್ಕ ವೃತ್ತ. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 751ನೇ ಕಟ್ಟಳೆಯ ಪ್ರಕಾರ ವ್ಯಕ್ತಿ ದೀಕ್ಷಾಸ್ನಾನ ಪಡೆದಿರಬೇಕು, ನಂಬಲೇಬೇಕಾದ ಸತ್ಯವೊಂದನ್ನು ನಿರಾಕರಿಸಬೇಕು ಇಲ್ಲವೇ ಸಂಶಯಿಸಬೇಕು, ಅದರಲ್ಲಿ ಹಠ ಹಿಡಿದಿರಬೇಕು. ತ್ರಿತ್ವವನ್ನು ಒಪ್ಪದ ನನ್ನಂಥವನಿಗೆ ಹೆರೆಟಿಕ್ ಆಗುವ ಅರ್ಹತೆಯೇ ಇಲ್ಲ, ಸ್ನಾನವೇ ಆಗಿಲ್ಲ! ಕ್ರೈಸ್ತ ವಿಶ್ವಾಸವನ್ನು ಪೂರ್ತಿ ತೊರೆಯುವುದು ಧರ್ಮತ್ಯಾಗ, ಪೋಪರ ಅಧಿಕಾರಕ್ಕೆ ಒಳಪಡದಿರುವುದು ಒಡಕು. ಅದೇ ಕಟ್ಟಳೆ ಇವೆರಡನ್ನೂ ಬೇರೆಯಾಗಿಟ್ಟಿದೆ. ಪರೀಕ್ಷೆಗೆ ಇಷ್ಟು ಸಾಕು.

ವರ್ಷದ ಗಂಟು

ಬೇಗ ಬಿಚ್ಚಿಕೊಳ್ಳದ ಗಂಟು ಇದು: ಅಳತೆಗೋಲು ಬರುವ ಮೊದಲೇ ಬದುಕಿ ಸತ್ತವನು ಏನಾಗುತ್ತಾನೆ?

ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್‌ನನ್ನು ನೋಡಿ. ದೇಹಕ್ಕೆ ಬರುವ ಮೊದಲೇ ಆತ್ಮಗಳಿದ್ದವು, ಕೊನೆಗೆ ಎಲ್ಲವೂ ದೇವರಲ್ಲಿ ಮರಳಿ ನೆಲೆಗೊಳ್ಳಬಹುದು ಎಂಬಂಥ ವಿಚಾರಗಳನ್ನು ಮುಂದಿಟ್ಟವನು. ರೋಮನ್ ಚಕ್ರವರ್ತಿ ಡೀಸಿಯಸ್‌ನ ಕಾಲದಲ್ಲಿ ವಿಶ್ವಾಸಕ್ಕಾಗಿಯೇ ಚಿತ್ರಹಿಂಸೆ ಉಂಡು, 254ರ ಸುಮಾರಿಗೆ ತೀರಿಕೊಂಡ. 553ರ ಎರಡನೆಯ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ, ಅಂದರೆ ಬಿಷಪ್‌ಗಳ ಕೂಟದ, ಹನ್ನೊಂದನೆಯ ಶಾಪವಾಕ್ಯದಲ್ಲಿ ಆರಿಯಸ್, ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆಗಿದ್ದ ನೆಸ್ತೋರಿಯಸ್ ಮುಂತಾದವರ ಜೊತೆ ಅವನ ಹೆಸರೂ ಇದೆ. ನಡುವೆ ಸುಮಾರು 300 ವರ್ಷ. ನೈಸಿಯಾ ಕೂಡ ಅವನು ಸತ್ತು ಎಪ್ಪತ್ತು ವರ್ಷದ ಮೇಲಿನ ಮಾತು.

ಈಗ ಇದರ ತಿರುವುಮುರುವು. ಮಾತೆ ಮರಿಯಳು ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಆದಿಪಾಪದಿಂದ (ಆದಾಮನಿಂದ ಮನುಷ್ಯರಿಗೆಲ್ಲ ಬಂದ ಪಾಪ) ಮುಕ್ತಳು ಎಂಬ ಬೋಧನೆಯನ್ನು ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಆ ರೂಪದಲ್ಲಿ ಒಪ್ಪಿರಲಿಲ್ಲ. 1854ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಅದನ್ನು ನಂಬಲೇಬೇಕಾದ ಸತ್ಯವೆಂದು ಘೋಷಿಸಿದರು. ಇಂದು ಕ್ಯಾಥೊಲಿಕನೊಬ್ಬ ಅಕ್ವಿನಾಸ್‌ನ ಅಭಿಪ್ರಾಯಕ್ಕೇ ಹಠದಿಂದ ಅಂಟಿಕೊಂಡರೆ 751ನೇ ಕಟ್ಟಳೆಗೆ ಸಿಕ್ಕಿಬೀಳುತ್ತಾನೆ. ಅಕ್ವಿನಾಸ್ ಮಾತ್ರ ಸಂತ. ಧರ್ಮಸಭೆಯ ಪರಮ ಪಂಡಿತರ ಸಾಲಿನಲ್ಲಿದ್ದಾನೆ.

ನಂಬಿಕೆಯ ತಪ್ಪಿಗೊಂದು ಲೆಕ್ಕ, ನಂಬಿದವನ ಅಪರಾಧಕ್ಕೆ ಇನ್ನೊಂದು ಲೆಕ್ಕ. ದೇವಶಾಸ್ತ್ರಜ್ಞರು ಹೆರೆಸಿಯನ್ನೇ ಹೀಗೆ ಎರಡಾಗಿ ಸೀಳುತ್ತಾರೆ. ಒಂದರಲ್ಲಿ ಮಾತು ಮಾತ್ರ ತಪ್ಪು. ಇನ್ನೊಂದರಲ್ಲಿ ಗೊತ್ತಿದ್ದೂ ಸಭೆಗೆ ಎದುರು ನಿಂತದ್ದು ತಪ್ಪು. ಹಠ ಹಿಡಿಯಬೇಕಾದರೆ ಮೊದಲು ಯಾರಾದರೂ ‘ಇದು ನಮ್ಮದಲ್ಲ’ ಎಂದು ಹೇಳಿರಬೇಕು. ಅಕ್ವಿನಾಸ್‌ಗೆ ಯಾರೂ ಹಾಗೆ ಹೇಳಿರಲಿಲ್ಲ, ಆದ್ದರಿಂದ ಎರಡನೆಯ ಲೆಕ್ಕ ಅವನಿಗೆ ಅನ್ವಯಿಸುವುದಿಲ್ಲ. ಒರಿಜೆನ್‌ನೊಡನೆ ಅವನ ಬಿಷಪ್ ಜಗಳವಾಡಿದ್ದುಂಟು, ಆದರೆ ಮಹಾಸಭೆಯ ತೀರ್ಮಾನ ಅವನ ಮುಂದೆ ಇರಲೇ ಇಲ್ಲ. ಇದೇ ತರ್ಕ ಅವನನ್ನೂ ಕಾಯಬೇಕಿತ್ತು. ಉತ್ತರಿಸಲು ಬಾಯಿಲ್ಲದವನ ಹೆಸರು ಹಿಡಿದು ಶಪಿಸಿದ್ದು ನನ್ನ ಮಟ್ಟಿಗೆ ಆ ಮಹಾಸಭೆಯ ದೊಡ್ಡತನವಲ್ಲ.

ಆದ್ದರಿಂದ ನನ್ನ ಸುಲಭದಾರಿ: ಹೆಟರೊಡಾಕ್ಸ್ ಎಂದು ಬರೆದಲ್ಲೆಲ್ಲ ಎದುರಿಗೆ ಒಂದು ಸಭೆಯ ಹೆಸರು, ಒಂದು ಇಸವಿ ಬರೆಯುತ್ತೇನೆ. ಎರಡರಲ್ಲಿ ಒಂದು ಸಿಗದಿದ್ದರೂ ವಾಕ್ಯವನ್ನು ಹೊಡೆದುಹಾಕುತ್ತೇನೆ.

ಅಭ್ಯಾಸಕ್ಕೆ ಬೆಂಗಳೂರೇ ಸಾಕು. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ಸೇರಿರುವ ರೋಮನ್ ಪರಂಪರೆಯ ನೈಸಿಯಾ ಸಂಗ್ರಹದಲ್ಲಿ ಪವಿತ್ರಾತ್ಮನು ಸುತನಿಂದಲೂ ಹೊರಡುತ್ತಾನೆ ಎಂಬ ಮಾತಿದೆ. ಊರಿನ ಮಲಯಾಳಿ ಆರ್ಥೊಡಾಕ್ಸ್ ಚರ್ಚುಗಳ ಸಂಗ್ರಹದಲ್ಲಿ ಅದಿಲ್ಲ. ಅವರ ಅಳತೆಗೆ ಅದು ಪಶ್ಚಿಮದವರು ಆಮೇಲೆ ಸೇರಿಸಿದ್ದು. ಅದೇ ಮಲಯಾಳಿಗಳ ಪರಂಪರೆ, ಕ್ರಿಸ್ತನಲ್ಲಿ ದೈವ, ಮಾನವ ಎಂಬ ಎರಡು ಸ್ವಭಾವಗಳಿವೆ ಎಂದ 451ರ ಕ್ಯಾಲ್ಸಿಡನ್ ಮಹಾಸಭೆಯನ್ನು ಒಪ್ಪುವುದಿಲ್ಲ. ಹಾಗಾಗಿ ಕ್ಯಾಲ್ಸಿಡನ್ ಅಳತೆಗೆ ಭಿನ್ನರು ಅವರೇ, ಹೆಸರಿನಲ್ಲೇ ಆರ್ಥೊಡಾಕ್ಸ್, ಅಂದರೆ ಸರಿ ನಂಬಿಕೆ, ಇದ್ದರೂ. ಕಾರ್ಪೊರೇಷನ್ ಬಳಿಯ ಹಡ್ಸನ್ ಚರ್ಚ್ ಸೇರಿರುವ ದಕ್ಷಿಣ ಭಾರತ ಸಭೆ 1947ರಲ್ಲಿ ಹುಟ್ಟಿದ್ದು. ನೈಸಿಯಾ ಅದಕ್ಕೂ ಅಳತೆ, ಪೋಪರಲ್ಲ. ಯೆಹೋವನ ಸಾಕ್ಷಿಗಳು ತ್ರಿತ್ವವನ್ನೇ ಒಪ್ಪದ ಕಾರಣ ಈ ಮೂವರ ಅಳತೆಗೂ ಹೊರಗೆ. ಅವರ ಅಳತೆಗೆ ಈ ಮೂವರೂ ಹೊರಗೆ.

ಇಸವಿಯ ಕಾಲಂನಲ್ಲಿ ಒಮ್ಮೊಮ್ಮೆ ಎರಡು ಸಂಖ್ಯೆ ಬೇಕಾಗುತ್ತವೆ. ಕೇವಲ ನಂಬಿಕೆಯಿಂದಲೇ ಮನುಷ್ಯ ನೀತಿವಂತನಾಗುತ್ತಾನೆ ಎಂಬ ಲೂಥರನ ಬೋಧನೆಯನ್ನು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಖಂಡಿಸಿತು. 1999ರಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಅದೇ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ನೆಸ್ತೋರಿಯಸ್‌ನನ್ನು ಕ್ರಿಸ್ತನ ದೈವತ್ವ, ಮನುಷ್ಯತ್ವಗಳನ್ನು ಬೇರ್ಪಡಿಸಿದನೆಂಬ ಆರೋಪದ ಮೇಲೆ 431ರಲ್ಲಿ ಎಫೆಸಸ್ ಮಹಾಸಭೆ ಪದಚ್ಯುತಗೊಳಿಸಿತು. ಅವನನ್ನು ಇಂದಿಗೂ ಗೌರವಿಸುವ ಅಸ್ಸೀರಿಯನ್ ಪೂರ್ವ ಸಭೆಯ ಕುಲಪಿತ ನಾಲ್ಕನೆಯ ಮಾರ್ ದಿನ್ಖಾ ಮತ್ತು ಪೋಪ್ ಎರಡನೆಯ ಜಾನ್ ಪಾಲ್ 1994ರಲ್ಲಿ ಕ್ರಿಸ್ತನ ಕುರಿತು ಒಂದೇ ಹೇಳಿಕೆಗೆ ಸಹಿ ಹಾಕಿದರು. ತ್ರಿಶ್ಶೂರಿನ ಕಾಲ್ಡಿಯನ್ ಸಿರಿಯನ್ ಚರ್ಚ್ ಈ ಪೂರ್ವ ಸಭೆಗೇ ಸೇರಿದ್ದು. ನೆಸ್ತೋರಿಯಸ್ ಬಗ್ಗೆ ಪ್ರಶ್ನೆ ಬಂದರೆ 431 ಬರೆದು ಪೆನ್ನು ಕೆಳಗಿಡಬೇಡಿ.