ಅರಾಕಿಸ್‌ನಲ್ಲಿ ಮಳೆ ಬರಬಾರ್ದಿತ್ತು

ಅರಾಕಿಸ್ ಅನ್ನೋ ಮರುಭೂಮಿ ಗ್ರಹದ ಕತೆ ಹೇಳೋ ಡ್ಯೂನ್ ಕಾದಂಬರೀನ ನಾನು ಮುಂಬೈಯ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲಿ ತಗೊಂಡಿದ್ದು, ಡೊಂಬಿವ್ಲಿ ಲೋಕಲ್‌ನಲ್ಲಿ ನಿಂತ್ಕೊಂಡೇ ಓದಿ ಮುಗಿಸಿದ್ದು. ಆಗ ನಮ್ಮನೇಲಿ ನಸುಕಿನ ನಾಲ್ಕೂವರೆಗೆ ನಳ ಬರ್ತಿತ್ತು, ಒಂದು ತಾಸು ಅಷ್ಟೇ, ಅಷ್ಟರಲ್ಲಿ ಹಂಡೆ ಕೊಡ ಬಕೆಟ್ ಎಲ್ಲಾ ತುಂಬ್ಕೋಬೇಕು. ಹಾಗಾಗಿ ಎದುರಿಗಿದ್ದವರ ಮುಂದೆ ಉಗುಳೋದೇ ಗೌರವ, ಯಾಕಂದ್ರೆ ತನ್ನ ಮೈಯ ನೀರನ್ನೇ ಕೊಟ್ಟ ಹಾಗೆ ಅನ್ನೋ ಜನರ ಕತೆ ನಂಗೆ ದೂರದ್ದು ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ.

ಈ ಪುಸ್ತಕದ ಬೇರೇ ನೀರು ಮತ್ತು ಮರಳು. 1957ರಲ್ಲಿ ಫ್ರಾಂಕ್ ಹರ್ಬರ್ಟ್ ಅಮೆರಿಕದ ಒರೆಗಾನ್‌ಗೆ ಹೋಗಿದ್ರು, ಅಲ್ಲಿ ಮರಳು ದಿಬ್ಬಗಳು ಸರಿದು ರಸ್ತೆ ಮುಚ್ಚದ ಹಾಗೆ ಹುಲ್ಲು ನೆಡ್ತಿದ್ರು, ಅದರ ಬಗ್ಗೆ ಬರೀಬೇಕು ಅಂತ ಹೋದವ್ರಿಗೆ ಆ ವಿಷಯ ತಲೆಯಿಂದ ಇಳೀಲೇ ಇಲ್ಲ. ಕಾದಂಬರಿ ಮೊದ್ಲು ಅನಲಾಗ್ ಅನ್ನೋ ಪತ್ರಿಕೇಲಿ ಕಂತಾಗಿ ಬಂತು, ಆಮೇಲೆ ಸುಮಾರು 20 ಪ್ರಕಾಶಕರು ಬೇಡ ಅಂದ್ರು, ಕೊನೆಗೆ 1965ರಲ್ಲಿ ಕಾರ್ ರಿಪೇರಿ ಪುಸ್ತಕಗಳಿಗೆ ಹೆಸರಾದ ಚಿಲ್ಟನ್ ಕಂಪನಿ ಅದನ್ನ ಪ್ರಿಂಟ್ ಮಾಡ್ತು.

ಸಿನಿಮಾ ಹಕ್ಕು ಮಾರಾಟ ಆಗಿದ್ದು 1971ರಲ್ಲಿ. ಕೊಂಡ ನಿರ್ಮಾಪಕ ಆರ್ಥರ್ ಜೇಕಬ್ಸ್ 1973ರಲ್ಲಿ ತೀರಿಕೊಂಡ್ರು. ಆಮೇಲೆ ಬಂದ ನಿರ್ದೇಶಕ ಹೊಡೊರೊವ್‌ಸ್ಕಿ ಚಿತ್ರಕಲಾವಿದ ಸಾಲ್ವಡಾರ್ ಡಾಲಿಯನ್ನ ನಟನೆಗೆ ಕರೆದ್ರು, ಕಾಮಿಕ್ಸ್ ಚಿತ್ರಕಾರ ಮೊಬಿಯುಸ್ ಕೈಲಿ ಸಾವಿರಾರು ಚಿತ್ರ ಬರೆಸಿದ್ರು, ಹತ್ತು ತಾಸಿಗೂ ಮೀರಿದ ಸಿನಿಮಾದ ಕನಸು ಕಂಡ್ರು, ದುಡ್ಡು ಮಾತ್ರ ಯಾರೂ ಹಾಕ್ಲಿಲ್ಲ. ಅವರ ಕತೇಲೂ ಕೊನೆಗೆ ಗ್ರಹ ಹಸಿರಾಗಿಬಿಡುತ್ತೆ, ಇದನ್ನ ನೆನಪಿಟ್ಕೊಳ್ಳಿ. 1976ರಲ್ಲಿ ಹಕ್ಕು ನಿರ್ಮಾಪಕ ಡಿನೋ ಡಿ ಲಾರೆಂಟಿಸ್ ಕೈಗೆ ಹೋಯ್ತು, ನಿರ್ದೇಶಕ ರಿಡ್ಲಿ ಸ್ಕಾಟ್ ಬಂದು ಹೋದ್ರು, ಕೊನೆಗೆ ಡೇವಿಡ್ ಲಿಂಚ್.

ಲಿಂಚ್ ಸಿನಿಮಾ ಮೆಕ್ಸಿಕೋದಲ್ಲಿ ಶೂಟ್ ಆಯ್ತು, ಸುಮಾರು 4 ಕೋಟಿ ಡಾಲರ್ ಖರ್ಚು, 1984ರ ಡಿಸೆಂಬರ್‌ನಲ್ಲಿ ಬಿಡುಗಡೆ. ಫೈನಲ್ ಕಟ್, ಅಂದ್ರೆ ಸಿನಿಮಾದ ಕೊನೇ ರೂಪ ತೀರ್ಮಾನಿಸೋ ಅಧಿಕಾರ ಅವರ ಕೈಲಿ ಇರ್ಲಿಲ್ಲ, ಅಷ್ಟು ದಪ್ಪ ಪುಸ್ತಕ 137 ನಿಮಿಷಕ್ಕೆ ಇಳೀತು, ಕತೆ ಅರ್ಥ ಆಗ್ಲಿ ಅಂತ ಥಿಯೇಟರ್‌ನಲ್ಲಿ ಶಬ್ದಾರ್ಥದ ಹಾಳೆ ಹಂಚಿದ್ರು. ಅಮೆರಿಕದಲ್ಲಿ ಹಾಕಿದ ದುಡ್ಡೂ ವಾಪಸ್ ಬರ್ಲಿಲ್ಲ. ಟಿವಿಗೆ ಅಂತ ಉದ್ದ ಮಾಡಿದ ಆವೃತ್ತಿಯಿಂದ ಲಿಂಚ್ ತಮ್ಮ ಹೆಸರನ್ನೇ ತೆಗೆಸಿದ್ರು. ಪುಸ್ತಕದಲ್ಲಿ ಪಾತ್ರಗಳು ಮನಸ್ಸಲ್ಲೇ ಮಾತಾಡ್ಕೊಳ್ಳೋದನ್ನ ಇಲ್ಲಿ ಪಿಸುಮಾತು ಮಾಡಿದ್ದಾರೆ, ಅದನ್ನೂ ಸಹಿಸ್ಕೋಬಹುದು. ಕೊನೇ ಮಳೆ ಮಾತ್ರ ಆಗಲ್ಲ.

ನಾನದನ್ನ ಬಾಡಿಗೆ ಕ್ಯಾಸೆಟ್ ತಂದು ನೋಡಿದ್ದು, ಪಕ್ಕದಲ್ಲಿ ಅಪ್ಪ. ಅಪ್ಪ ವಿಜಾಪುರದ ಕಡೆಯವ್ರು, 1972ರ ಬರದಲ್ಲಿ ಊರು ಬಿಟ್ಟು ಮುಂಬೈಗೆ ಬಂದವ್ರು. ಕಥಾನಾಯಕ ಪಾಲ್ ಗೆದ್ದ ತಕ್ಷಣ ಮರುಭೂಮೀಲಿ ಧೋ ಅಂತ ಮಳೆ ಸುರಿಯುತ್ತೆ, ಅಪ್ಪ ಎದ್ದು ಕೂತ್ಕೊಂಡು "ಮಳಿ ಬಂತ್ ನೋಡೋ ತಮ್ಮಾ, ಛಲೋ ಆತು" ಅಂದ್ರು, ನಂಗೆ ಸಿಟ್ಟು ಬಂದು ಟಿವಿ ಆಫ್ ಮಾಡ್ದೆ. ಆಮೇಲೆ ಕೂತು ಬಿಡಿಸಿ ಹೇಳ್ದೆ, ಅಪ್ಪಾ ಅಲ್ಲಿ ಮರಳು ಹುಳುಗಳಿಗೆ ನೀರು ವಿಷ, ಹುಳು ಸತ್ರೆ ಸ್ಪೈಸ್ ಅನ್ನೋ ಮದ್ದು ಇಲ್ಲ, ಸ್ಪೈಸ್ ಇಲ್ದಿದ್ರೆ ಒಂದು ಹಡಗೂ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲ್ಲ, ಆ ಹುಳುಗಳೇ ಅಲ್ಲಿನ ಫ್ರೆಮೆನ್ ಜನರಿಗೆ ದೇವ್ರು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು, "ಹಂಗಾದ್ರ ಆ ಮಂದಿಗಿ ನೀರು ಬ್ಯಾಡೇನು?"

ಇಡೀ ಪುಸ್ತಕ ನಿಂತಿರೋದು ಈ ಪ್ರಶ್ನೆ ಮೇಲೇನೇ. ಬೇಕು, ಅದಕ್ಕಾಗೇ ಅವ್ರು ಹನಿ ಹನಿ ಕೂಡಿಡ್ತಾರೆ, ಗ್ರಹ ಹಸಿರಾಗೋಕೆ 300ರಿಂದ 500 ವರ್ಷ ಬೇಕು ಅಂತ ಲೆಕ್ಕ ಹಾಕಿದ್ದಾರೆ, ನೆಡೋ ಕೈಗಳು ಆ ನೆರಳು ನೋಡಲ್ಲ. ಆದ್ರೆ ನೀರು ಬಂದಷ್ಟೂ ಹುಳು ಹೋಗುತ್ತೆ, ಅವರ ಬದುಕೂ ಹೋಗುತ್ತೆ. ಒಂದೇ ನಿಮಿಷದ ಮಳೇಲಿ ಇದೆಲ್ಲ ಕೊಚ್ಚಿಹೋಯ್ತಲ್ಲ, ನನ್ನ ಸಂಕಟ ಅದು.

2021 ಮತ್ತು 2024ರಲ್ಲಿ ಬಂದ ನಿರ್ದೇಶಕ ವಿಲ್‌ನವ್ ಸಿನಿಮಾಗಳು ಎಷ್ಟೋ ಮೇಲು, ಮಳೆ ತರಿಸೋ ಗೋಜಿಗೆ ಹೋಗಿಲ್ಲ. ಎರಡು ಭಾಗ ಮಾಡಿದ್ರೂ ಔತಣದ ಅಧ್ಯಾಯ ಮಾತ್ರ ಇಲ್ಲ, ಲಿಂಚ್ ಸಿನಿಮಾದಲ್ಲೂ ಇರ್ಲಿಲ್ಲ. ಅರಾಕಿಸ್ ಶ್ರೀಮಂತರ ಮನೇಲಿ ಊಟಕ್ಕೆ ಬಂದವ್ರು ಕೈ ಅದ್ದಿ ನೀರನ್ನ ನೆಲಕ್ಕೆ ಚೆಲ್ಲಿ ಟವೆಲ್‌ಗೆ ಒರೆಸೋದು, ಆ ಟವೆಲ್ ಹಿಂಡಿದ ನೀರಿಗೆ ಹೊರಗೆ ಭಿಕ್ಷುಕರು ಕಾಯೋದು, ಹೊಸದಾಗಿ ಆಳೋಕೆ ಬಂದ ಡ್ಯೂಕ್, ಅಂದ್ರೆ ಪಾಲ್ ಅಪ್ಪ, ಆ ಪದ್ಧತೀನೇ ನಿಲ್ಲಿಸೋದು. ನೀರು ಯಾರ ಕೈಲಿದೆಯೋ ಅಧಿಕಾರ ಅವರ ಕೈಲಿ ಅನ್ನೋದನ್ನ ಯುದ್ಧದ ಯಾವ ಸೀನೂ ಇಷ್ಟು ಚೆನ್ನಾಗಿ ಹೇಳಲ್ಲ, ಟ್ಯಾಂಕರ್‌ಗೆ ಕಾದು ನಿಂತವ್ರಿಗಂತೂ ಬಿಡಿಸಿ ಹೇಳೋದೇ ಬೇಡ.

ಎರಡನೇ ಭಾಗಕ್ಕೆ ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಸತ್ತವರ ಮೈಯಿಂದ ತೆಗೆದ ನೀರನ್ನ ಗುಹೆಯೊಳಗಿನ ಕೊಳಕ್ಕೆ ಸೇರಿಸ್ತಾರೆ, ಬಾಯಾರಿ ಸಾಯ್ತಿದ್ರೂ ಯಾರೂ ಕುಡಿಯಲ್ಲ, ಆ ಸೀನ್‌ಗೆ ಅಪ್ಪ ಮುಂದಕ್ಕೆ ಬಗ್ಗಿ ಕೂತ್ರು. ಎಷ್ಟಿರಬಹುದು ಆ ನೀರು ಅಂತ ಮೆಲ್ಲಗೆ ಕೇಳಿದ್ರು. ಪುಸ್ತಕದಲ್ಲಿ ಇಂಥದ್ದೇ ಒಂದು ಕೊಳದ ಲೆಕ್ಕ ಇದೆ, 38 ಕೋಟಿ ಲೀಟರ್ ಅಂದೆ. ವಾಪಸ್ ಬರೋವಾಗ ಟ್ರೇನ್‌ನಲ್ಲಿ ಡೊಂಬಿವ್ಲಿ ಬರೋವರ್ಗೂ ಅಪ್ಪ ಅದನ್ನ ಕೊಡದ ಲೆಕ್ಕಕ್ಕೆ ಇಳಿಸ್ತಾ ಕೂತಿದ್ರು.